ಏಳನೇ ಬಾಗಿಲು ಓದಿದ ನಂಜುಂಡಯ್ಯ

ಜಾವಗಲ್ಲಿನ ನಂಜುಂಡಯ್ಯನವರಿಗೆ ದೇವರು ಧಾರಾಳವಾಗಿ ಕೊಟ್ಟಿದ್ದು ಒಂದೇ, ಗಂಟಲು. ಮಿಕ್ಕಿದ್ದೆಲ್ಲ ಅಷ್ಟಕ್ಕಷ್ಟೆ. ಮೂವತ್ತು ವರ್ಷ ಊರಿನ ಲೈಬ್ರರಿಯ ಬಾಗಿಲು ತೆಗೆಯುತ್ತ ಮುಚ್ಚುತ್ತ ಇದ್ದು ರಿಟೈರಾದರು, ಊರವರು ಮೇಷ್ಟ್ರು ಅಂದರು, ಅದೇ ದೊಡ್ಡ ಬಿರುದು. ಮನೆಯಲ್ಲಿ ಹೆಂಡತಿ ಲಕ್ಕಮ್ಮ ಅವರ ಮಾತಿಗೆ ಮೂರು ಕಾಸಿನ ಕಿಮ್ಮತ್ತು ಕೊಡುತ್ತಿರಲಿಲ್ಲ. ಆದರೆ ಕೈಗೊಂದು ಪುಸ್ತಕ ಬಂತೋ, ಮನುಷ್ಯ ಬೇರೆಯೇ. ಶ್ರಾವಣದಲ್ಲಿ ಯಾರ ಮನೆಯಲ್ಲಿ ಪುರಾಣ ಓದಿಸಿದರೂ ಅವರೇ ಬೇಕು. ಅವರು ಓದಿದರೆ ರಾಜ ಅಳುತ್ತಿದ್ದ, ರಾಣಿ ಅಳುತ್ತಿದ್ದಳು, ಕೇಳಲು ಕೂತ ಹೆಂಗಸರೂ ಮೂಗೊರೆಸುತ್ತಿದ್ದರು. ಆ ಮೂಗೊರೆಸುವ ಸದ್ದೇ ಅವರಿಗೆ ಸಂಬಳ.

ರಿಟೈರಾದ ಮೇಲೆ ಅವರು ಹಿಡಿದ ಜಾಗ ಕಲ್ಲೇಶಪ್ಪನವರ ಕೊಬ್ಬರಿ ಶೆಡ್ಡು. ಎಂಟು ಹೆಂಗಸರು ಒಣಗಿದ ಕಾಯಿಯ ಕರಟ ಒಡೆದು, ಒಳಗಿನ ಕೊಬ್ಬರಿ ಉಂಡೆ ಮುಕ್ಕಾಗದ ಹಾಗೆ ಬಿಡಿಸುವ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಅವರಿಗೆ ತೂಕಡಿಕೆ, ತೂಕಡಿಸಿದರೆ ಉಂಡೆ ಹೋಳು. ಯಾರಾದರೂ ಕತೆ ಓದಿದರೆ ಎಚ್ಚರ ಇರುತ್ತಾರೆ ಅಂತ ಕಲ್ಲೇಶಪ್ಪನವರ ಲೆಕ್ಕ. ಮೇಷ್ಟ್ರು ಹುಡುಕಿ ತಂದಿದ್ದು 'ಏಳು ಬಾಗಿಲ ಸೀಮೆ' ಅನ್ನೋ ಕಾದಂಬರಿ ಸಾಲು. ವರ್ಷಕ್ಕೊಂದು ದಪ್ಪ ಪುಸ್ತಕ. ಹಂಸಿನಿ ಅನ್ನೋ ರಾಣಿಯ ಮಗುವನ್ನು ಮಾಯಾವಿಯೊಬ್ಬ ಏಳು ಬಾಗಿಲ ಆಚೆಗೆ ಒಯ್ದುಬಿಡುತ್ತಾನೆ. ತಾಯಿ ಒಂದೊಂದೇ ಬಾಗಿಲು ದಾಟುತ್ತ ಹುಡುಕುತ್ತಾಳೆ. ಬೆಂಕಿಯ ಕಾಡು, ಮಾತಾಡುವ ಕಲ್ಲು, ರೆಕ್ಕೆಯ ಕುದುರೆ, ಏನುಂಟು ಏನಿಲ್ಲ.

ಅಲ್ಲೇ ಒಂದು ಯಡವಟ್ಟಾಯಿತು. ಮೊದಲ ಪುಸ್ತಕ ಶುರು ಮಾಡಿದ ದಿನ ಮೇಷ್ಟ್ರು ಪುರಾಣದ ರೂಢಿಯಲ್ಲಿ ಪುಸ್ತಕದ ಮೇಲೊಂದು ದಾಸವಾಳ ಇಟ್ಟರು, ಕೈ ಮುಗಿದರು. ಕತೆಪುಸ್ತಕಕ್ಕೆ ಯಾಕಪ್ಪ ಹೂವು? ಅಭ್ಯಾಸಬಲ, ಸ್ವಲ್ಪ ಬಡಿವಾರ. ಹೂವಿಟ್ಟ ಪುಸ್ತಕದ ಮುಂದೆ ಯಾರಾದರೂ ಏನಾದರೂ ಕೇಳಿಕೊಳ್ಳುವುದು ಈ ಕಡೆಯ ಪದ್ಧತಿ. ಕರಟ ಒಡೆಯುವ ಆ ಎಂಟು ಜನರಲ್ಲೊಬ್ಬಳು ಮುದ್ದಮ್ಮ, ಅವಳು ಕೇಳಿಕೊಂಡಳು. ಹಂಸಿನಿಗೆ ಮಗ ಸಿಕ್ಕರೆ ನನಗೂ ನನ್ನ ಮಗ ಸಿಗುತ್ತಾನೆ ಅಂತ.

ಮುದ್ದಮ್ಮನ ಮಗ ಸುನಿಲ್ ಅರಸೀಕೆರೆ ಜಂಕ್ಷನ್ನಿನಲ್ಲಿ ಕಳೆದುಹೋಗಿ ಹದಿನಾಲ್ಕು ವರ್ಷ. ಆಗ ಅವನಿಗೆ ಆರು. ನೂಕುನುಗ್ಗಲಿನಲ್ಲಿ ಮಗಳು ಹೇಮಾಶ್ರೀಯನ್ನು ರೈಲಿಗೆ ಎತ್ತಿ ಹಾಕಲು ಅವನ ಕೈ ಬಿಟ್ಟಳು, ತಿರುಗಿ ನೋಡಿದರೆ ಇಲ್ಲ. ಕೊರಗಿನಲ್ಲೇ ಗಂಡನೂ ಹೋದ. ಕಳೆದವರು ಹನ್ನೆರಡು ವರ್ಷ ಬರದಿದ್ದರೆ ಸತ್ತರೆಂದು ತಿಳಿದು ತಿಥಿ ಮಾಡಬೇಕು ಅಂತ ಹಿರಿಯರು ಹೇಳುತ್ತಲೇ ಇದ್ದರು. ಮುದ್ದಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ವರ್ಷ ಹೇಮಾಶ್ರೀಗೆ ಮಾದಿಹಳ್ಳಿಯಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಮಧುಕುಮಾರ, ಹಾಲಿನ ಡೇರಿಯಲ್ಲಿ ಕೆಲಸ, ಹೇಮಾಶ್ರೀಗೂ ಒಪ್ಪಿಗೆ. ಅವನ ಕಡೆಯವರದು ಒಂದೇ ಮಾತು: ಅರ್ಧ ಸತ್ತ ಅರ್ಧ ಬದುಕಿದ ಮನೆಯಿಂದ ಹೆಣ್ಣು ತರಲ್ಲ, ತಿಥಿ ಮುಗಿಸಿ, ತಾಂಬೂಲ ಬದಲಾಯಿಸೋಣ. ಮುದ್ದಮ್ಮ ಅವರಿಗೆ ಹೇಳಿ ಕಳಿಸಿದಳು, ಪುಸ್ತಕ ಈ ತಿಂಗಳು ಮುಗಿಯುತ್ತೆ, ಅದು ಹೇಳಿದ ಹಾಗೆ ಮಾಡ್ತೀನಿ. ಅವರು ನಕ್ಕರಂತೆ. ಆದರೂ ಒಂದು ತಿಂಗಳು ಕಾಯಲು ಒಪ್ಪಿದರು.

ಇದೆಲ್ಲ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವರು ಏಳನೇ ಪುಸ್ತಕ ತರಲು ಅರಸೀಕೆರೆಗೆ ಹೋದರು.

ಪುಸ್ತಕದ ಅಂಗಡಿಯಲ್ಲಿ ಸೂತಕದ ಕಳೆ. ಕಾಲೇಜು ಹುಡುಗಿಯೊಬ್ಬಳು ನಿಂತಲ್ಲೇ ಕಣ್ಣೀರು ಹಾಕುತ್ತಿದ್ದಳು. ಅವಳ ಜೊತೆಯವನು ಫೋನಿನಲ್ಲಿ ಬರೆದವನ ವಂಶವನ್ನೇ ಜಾಲಾಡುತ್ತಿದ್ದ. ವಾಪಸ್ ಬರುವಾಗ ಹಳೇಬೀಡಿನ ಸ್ಕೂಲು ಮೇಷ್ಟ್ರು ಶಿವಪ್ರಕಾಶ್ ಬಸ್ಸಿನಲ್ಲಿ ಪಕ್ಕಕ್ಕೇ ಬಂದು ಕೂತು ಗೋಳು ತೋಡಿಕೊಂಡರು. ಏಳು ವರ್ಷ ಎಲೆ ಮುಂದೆ ಕೂರಿಸಿ ಕೊನೆಗೆ ಬರೀ ಉಪ್ಪು ಬಡಿಸಿ ಎಬ್ಬಿಸಿದ ಸಾರ್, ಪುಸ್ತಕಾನ ದ್ವಾರಸಮುದ್ರದ ಕೆರೆಗೆ ಎಸೆಯೋಣ ಅನ್ನಿಸ್ತು ಅಂದರು. ನಂಜುಂಡಯ್ಯ ಅಲ್ಲೇ ಕೊನೆಯ ಪುಟ ತೆಗೆದರು. ಹಂಸಿನಿ ಏಳನೇ ಬಾಗಿಲು ದಾಟುತ್ತಾಳೆ. ಸಿಂಹಾಸನದ ಮೇಲೆ ಮಗ. ಅವನಿಗೆ ಗುರುತು ಸಿಗುವುದಿಲ್ಲ. ಈ ಭಿಕ್ಷುಕಿಗೆ ಒಂದು ಹಿಡಿ ಅನ್ನ ಹಾಕಿ ಆಚೆ ಕಳಿಸಿ ಅನ್ನುತ್ತಾನೆ. ಬಾಗಿಲು ಮುಚ್ಚುತ್ತದೆ. ಅವಳು ಮುಚ್ಚಿದ ಬಾಗಿಲ ಮುಂದೆ ಕೂತು ಆ ಅನ್ನ ಉಣ್ಣುತ್ತಾಳೆ. ಅಷ್ಟೇ.

ಇದನ್ನು ಹೀಗೇ ಓದುವುದು ಬೇಡ ಅಂತ ಮೇಷ್ಟ್ರು ಪುಸ್ತಕ ಮುಚ್ಚಿದರು. ಮುದ್ದಮ್ಮನ ಮೇಲಿನ ಕನಿಕರದಿಂದ ಅಂತ ಆಮೇಲೆ ಅವರು ಹೇಳಿಕೊಂಡರು. ಸುಳ್ಳು. ಏಳು ವರ್ಷದ ಓದು ಮುಗಿಯುವ ದಿನ ಎಂಟು ಮುಖಗಳು ಸಪ್ಪಗಾಗುವುದನ್ನು ನೋಡುವ ಎದೆ ಅವರಿಗಿರಲಿಲ್ಲ. ಅವರಿಗೆ ಮಂಗಳಾರತಿ ಬೇಕಿತ್ತು.

ಮೂರು ವಾರ ಓದಿದ ಮೇಲೆ ಕೊನೆಯ ಪುಟ ಬಂತು. ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ, ಅದರಲ್ಲಿಲ್ಲದ್ದನ್ನು ಓದಿದರು. ಆ ಕ್ಷಣಕ್ಕೆ ಬಾಯಿಗೆ ಬಂದದ್ದು. ಮಗ ಸಿಂಹಾಸನದಿಂದ ಎದ್ದ, ಮೆಟ್ಟಿಲು ಇಳಿದ, ಮೆಟ್ಟಿಲಿಗೊಂದು ವರ್ಷ ಚಿಕ್ಕವನಾಗುತ್ತ ಬಂದ ಅಂತ. ಎಷ್ಟು ಮೆಟ್ಟಿಲು ಅನ್ನಬೇಕೋ ತೋಚದೆ ತಲೆಯೆತ್ತಿದರು, ಎದುರಿಗೆ ಮುದ್ದಮ್ಮ ಕಾಣಿಸಿದಳು, ಹದಿನಾಲ್ಕು ಅಂದುಬಿಟ್ಟರು. ಶೆಡ್ಡಿನಲ್ಲಿ ಕರಟ ಒಡೆಯುವ ಸದ್ದು ನಿಂತೇಹೋಯಿತು. ಮುಗಿದಾಗ ಹೆಂಗಸರು ಗಳಗಳ ಅತ್ತರು, ಆರತಿ ಎತ್ತಿದರು, ಕಲ್ಲೇಶಪ್ಪನವರು ಶಾಲು ಹೊದಿಸಿದರು. ಮುದ್ದಮ್ಮ ಕಾಲು ಹಿಡಿದಾಗ ಮೇಷ್ಟ್ರು ಎಳೆದುಕೊಳ್ಳಲಿಲ್ಲ.

ತಿಥಿಯ ಮಾತು ನಿಂತಿತು. ಮಾದಿಹಳ್ಳಿಯವರಿಗೆ ಮುದ್ದಮ್ಮ ಹೇಳಿ ಕಳಿಸಿದಳು, ನನ್ನ ಮಗ ಬತ್ತಾನೆ, ಅಪ್ಪನ ಜಾಗದಲ್ಲಿ ಅವನೇ ನಿಂತು ಧಾರೆಗೆ ನೀರು ಬಿಡ್ತಾನೆ. ಅವರು ಸೀದಾ ಗೆಂಡೆಹಳ್ಳಿಯಲ್ಲಿ ಬೇರೆ ಹೆಣ್ಣು ನೋಡಲು ಹೋದರು. ಮೂರೇ ದಿನದಲ್ಲಿ ನಿಜವಾದ ಕೊನೆ ಏನೆಂದು ಶೆಡ್ಡಿನ ಏಳು ಹೆಂಗಸರಿಗೂ ಮಕ್ಕಳ ಫೋನಿನಿಂದ ಗೊತ್ತಾಯಿತು. ಒಬ್ಬಳಾದರೂ ಬಾಯಿ ಬಿಟ್ಟಳೇ? ಇಲ್ಲ. ಏನಾಗುತ್ತೋ ನೋಡೋಣ ಅಂತ ಕೂತರು. ಮುದ್ದಮ್ಮ ಇಪ್ಪತ್ತರ ಹುಡುಗನ ಅಳತೆ ಅಂದಾಜು ಮಾಡಿ ಅಂಗಿ ಹೊಲಿಸಿ ತಂದು ತೋರಿಸಿದಾಗ, ತೋಳು ಇನ್ನೂ ಸ್ವಲ್ಪ ಉದ್ದ ಇರಬೇಕಿತ್ತು ಕಣಕ್ಕ ಅಂದಳು ವಿಶಾಲಮ್ಮ. ಮಿಕ್ಕವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಮುದ್ದಮ್ಮ ದಿನಾ ಮೊದಲ ಬಸ್ಸಿಗೆ ಅರಸೀಕೆರೆಗೆ ಹೋಗಿ ಪ್ಲಾಟ್‌ಫಾರಮ್ಮಿನಲ್ಲಿ ನಿಂತು, ಮಧ್ಯಾಹ್ನ ಶೆಡ್ಡಿಗೆ ಬರತೊಡಗಿದಳು. ಕೈಯಲ್ಲಿ ಊಟದ ಡಬ್ಬಿ. ಇಪ್ಪತ್ತರ ಹುಡುಗರನ್ನು ಕಂಡರೆ ಬಗ್ಗಿ ಮುಖ ನೋಡುವುದು, ನಿನ್ನ ಹೆಸರೇನಪ್ಪ ಅನ್ನುವುದು. ಹದಿನೈದನೇ ದಿನ ನಾಲ್ಕು ಪೋಲಿ ಹುಡುಗರು ಸಿಕ್ಕರು. ಒಬ್ಬ ಮುಂದೆ ಬಂದು, ಅವ್ವಾ ನಾನೇ ಕಣವ್ವ ನಿನ್ನ ಮಗ ಅಂದ. ಅವಳು ಅಲ್ಲೇ ಕೂರಿಸಿ ತುತ್ತು ಮಾಡಿ ಬಾಯಿಗಿಟ್ಟಳು. ಅವನು ಡಬ್ಬಿ ಪೂರ್ತಿ ತಿಂದ. ರೈಲು ಬಂದಾಗ ಹತ್ತಿ ಕೈ ಬೀಸಿದ. ಅವಳು ಡಬ್ಬಿ ಹಿಡಿದು ಬೋಗಿಯ ಜೊತೆ ಓಡಿದಳು. ಉಳಿದವರು ಅಷ್ಟನ್ನೂ ಫೋನಿನಲ್ಲಿ ಹಿಡಿದು, ನಗುವ ಗೊಂಬೆ ಅಂಟಿಸಿ ಊರಿಗೆಲ್ಲ ಹಂಚಿದರು.

ಆ ವಿಡಿಯೊ ನೋಡಿದ ಹೇಮಾಶ್ರೀ, ಪುಸ್ತಕದ ನಿಜವಾದ ಕೊನೆಯನ್ನೂ ಫೋನಿನಲ್ಲೇ ಹುಡುಕಿ ಓದಿ, ಮೇಷ್ಟ್ರ ಮನೆಗೆ ಬಂದಳು. ಮೇಷ್ಟ್ರು ಮೊದಲು ಜಾರಿಕೊಳ್ಳಲು ನೋಡಿದರು, ನನ್ನ ಪ್ರತಿಯಲ್ಲಿ ಹಾಗೇ ಇತ್ತಮ್ಮ ಅಂದರು. ಅವಳು ಸೀದಾ ಒಳಗೆ ಹೋಗಿ ಪುಸ್ತಕ ತಂದು, ಕೊನೆಯ ಪುಟ ತೆರೆದು ಅವರ ತೊಡೆಯ ಮೇಲಿಟ್ಟಳು.

"ಅಲ್ಲೇ ಓದಿ ಮೇಷ್ಟ್ರೇ. ಶೆಡ್ಡಲ್ಲಿ, ಎಲ್ಲರ ಮುಂದೆ. ಅವ್ವ ಬೇರೆ ಯಾರ ಮಾತೂ ನಂಬಲ್ಲ."

ಲಕ್ಕಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ನಲವತ್ತು ವರ್ಷದಲ್ಲಿ ನೀವು ನನಗೆ ಹೇಳದಿದ್ದ ಒಳ್ಳೇ ಮಾತೆಲ್ಲ ಊರಿಗೆ ಹಂಚಿದ್ದೀರಲ್ಲ, ಹೋಗಿ, ಅನುಭವಿಸಿ ಅಂದಳು.

ಮಾರನೇ ದಿನ ಮೇಷ್ಟ್ರು ಶೆಡ್ಡಿನಲ್ಲಿ ನಿಜವಾದ ಪುಟ ಓದಿದರು. ಮುದ್ದಮ್ಮ ಅಳಲಿಲ್ಲ. ಅವಳಿಗೆ ಓದು ಬರದು, ಹತ್ತಿರ ಬಂದು ಅನ್ನ ಅಂತ ಎಲ್ಲಿ ಬರೆದೈತೆ ತೋರಿಸಿ ಅಂದಳು. ತೋರಿಸಿದರು. ಆ ಅಕ್ಷರದ ಮೇಲೆ ಬೆರಳಿಟ್ಟುಕೊಂಡು, ಇದು ಅವತ್ತೂ ಇಲ್ಲೇ ಇತ್ತಾ ಅಂತ ಕೇಳಿದಳು. ಇತ್ತು ಅಂದರು ಮೇಷ್ಟ್ರು. ಅವಳು ಎದ್ದು, ಒಡೆಯುವುದು ಬಾಕಿ ಇದ್ದ ಕಾಯಿಗಳನ್ನು ಒಂದೂ ಮುಕ್ಕಾಗದ ಹಾಗೆ ಬಿಡಿಸಿಟ್ಟು ಮನೆಗೆ ಹೋದಳು.

ತಿಥಿಗೆ ದಿನ ಗೊತ್ತಾಯಿತು. ಹೇಮಾಶ್ರೀ ಮಾದಿಹಳ್ಳಿಗೆ ಫೋನು ಮಾಡಿದಳು. ಮಧುಕುಮಾರನಿಗೆ ಗೆಂಡೆಹಳ್ಳಿ ಹುಡುಗಿಯ ಜೊತೆ ಹಿಂದಿನ ದಿನವೇ ತಾಂಬೂಲ ಬದಲಾಗಿತ್ತು. ಸರಿ ಬಿಡಿ ಅಂದು ಫೋನಿಟ್ಟಳು.

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲಿಟ್ಟು ಎಡೆ ಹಾಕಬೇಕು. ಇಪ್ಪತ್ತರ ಹುಡುಗನಿಗೆ ಏನಿಷ್ಟ? ಪಕ್ಕದ ಮನೆಯ ಕರಿಯಯ್ಯ, ಈ ವಯಸ್ಸಿನವರಿಗೆ ಇನ್ನೇನಿಷ್ಟ, ಒಂದು ಕ್ವಾರ್ಟರ್ ಇಡಿ ಅಂದ. ಯಾರೋ ಕಿಸಕ್ಕನೆ ನಕ್ಕರು. ಮುದ್ದಮ್ಮ ಗ್ಲೂಕೋಸ್ ಬಿಸ್ಕತ್ತು, ಕೊಬ್ಬರಿ ಮಿಠಾಯಿ ಇಟ್ಟಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

"ಓದಿ ಮೇಷ್ಟ್ರೇ. ಅವತ್ತು ಓದಿದ್ರಲ್ಲ, ಅದು."

ಮೇಷ್ಟ್ರು ಬರಿಗೈಯಲ್ಲಿ ಎದ್ದು ನಿಂತರು. ಮಗ ಸಿಂಹಾಸನದಿಂದ ಎದ್ದ ಅಂದರು. ಮುಂದೆ? ಮೆಟ್ಟಿಲು ಅಂದರು. ಮುಂದಿನದು ತಲೆಯೊಳಗೆ ಇರಲೇ ಇಲ್ಲ. ಬಾಯಿಗೆ ಬಂದದ್ದನ್ನು ಹೇಳಿ, ಆರತಿ ತಗೊಂಡು, ಶಾಲು ಹೊದ್ದುಕೊಂಡು, ಅವತ್ತೇ ಮರೆತುಬಿಟ್ಟಿದ್ದರು. ಇಡೀ ಊರು ನೋಡುತ್ತಿತ್ತು. ಗಂಟಲು ಸರಿಮಾಡಿಕೊಂಡರು, ಒಂದು ಸಲ, ಎರಡು ಸಲ.

ಮುದ್ದಮ್ಮ ಎಡೆಯ ಮುಂದೆ ಕೂತು ತಾನೇ ಶುರು ಮಾಡಿದಳು. ಮೊದಲನೇ ಮೆಟ್ಟಿಲು ಇಳಿದ, ಹತ್ತೊಂಬತ್ತಾಯಿತು, ಮೀಸೆ ಹೋಯಿತು. ಎರಡನೇದು ಇಳಿದ, ಹದಿನೆಂಟಾಯಿತು. ಮೇಷ್ಟ್ರು ಅವತ್ತು ಎಲ್ಲಿ ಉಸಿರು ತೆಗೆದುಕೊಂಡಿದ್ದರೋ ಅಲ್ಲೇ ಉಸಿರು ತೆಗೆದುಕೊಂಡಳು, ಎಲ್ಲಿ ದನಿ ತಗ್ಗಿಸಿದ್ದರೋ ಅಲ್ಲೇ ತಗ್ಗಿಸಿದಳು. ಒಂದು ಮಾತೂ ತಪ್ಪಲಿಲ್ಲ. ಹದಿನಾಲ್ಕನೇ ಮೆಟ್ಟಿಲಿಗೆ ಆರು ವರ್ಷದವನಾಗಿ, ಅವ್ವನ ಕಿರುಬೆರಳು ಹಿಡಿದು, ಮನೆಗೆ ಹೋಗೋಣ ಅಂದ.

ಯಾರೂ ಮೂಗೊರೆಸಲಿಲ್ಲ. ಮೇಷ್ಟ್ರು ಕೂರಲೂ ತೋಚದೆ ನಿಂತೇ ಇದ್ದರು.

"ನಂಗೆ ಹದಿನೈದು ದಿನ ಇದ್ದಿದ್ದು ಇದೊಂದೇ," ಅಂದಳು ಮುದ್ದಮ್ಮ. "ನಿಮಗೆ ನೆನಪೂ ಇಲ್ಲ."