ಅಮ್ಮನ ಜಡೆ, ಅಣ್ಣನ ಗಂಟು

ಆಗುವುದಿಲ್ಲ ಎಂದವಳು ನನ್ನ ಅತ್ತೆ, ಅಪ್ಪನ ಅಕ್ಕ. ಅಮ್ಮ ಬಾವಿಕಟ್ಟೆಯ ಹತ್ತಿರ ಜಾರಿಬಿದ್ದು ಸೊಂಟ ಮುರಿದುಕೊಂಡಾಗ ನಾನು ಕುಮಟಾದಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದೆ. ಅಪ್ಪ ಮೊದಲೇ ತೀರಿಕೊಂಡಿದ್ದ. ನಮ್ಮ ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅಣ್ಣ ಭಟ್ಕಳ ಬಂದರಿನಲ್ಲಿ ದೊಡ್ಡ ಬೋಟಿಗೆ ಹೋಗುತ್ತಿದ್ದ. ಹೋದರೆ ವಾರಗಟ್ಟಲೆ ಸಮುದ್ರದಲ್ಲೇ.

“ಹಾಸಿಗೆ ಹಿಡ್ದವ್ಳ ಮೈ ತೊಳೂಕೆ ಮಗಳೇ ಬೇಕು. ಗಂಡುಮಕ್ಳು ಎಂತ ಮಾಡ್ತ್ರು? ಇನ್ನು ಇವಳು ಡಿಗ್ರಿ ಮುಗ್ಸೂದು ಆಗೂ ಮಾತಲ್ಲ” ಎಂದಳು ಅತ್ತೆ. ಅದನ್ನೇ ನಂಬಿ ನಾನು ಪುಸ್ತಕ ಕಟ್ಟಿಟ್ಟೆ.

ಅಣ್ಣ ಬಂದವನೇ ಕಟ್ಟು ಬಿಚ್ಚಿದ. “ದೊಡ್ಡ ಬೋಟ್ ಬಿಟ್ಟೆ. ಇಲ್ಲೇ ಬಾಡದ ದಡದಲ್ಲಿ ಸಣ್ಣ ದೋಣಿಗೆ ಹೋಗ್ತೆ. ನೀ ಕಾಲೇಜಿಗೆ ಹೊರಡೂದ್ರೊಳಗೆ ಬತ್ತೆ.”

“ನಿಂಗೆ ಈ ಕೆಲ್ಸ ಎಲ್ಲ ಗೊತ್ತಾ?” ಎಂದೆ.

“ಇಲ್ಲ. ಅಮ್ಮಂಗೆ ಗೊತ್ತಲ, ಹೇಳ್ತದೆ.”

ಮೊದಲ ದಿನ ಅಮ್ಮ ನಾಚಿಕೆಯಿಂದ ಅತ್ತಳು. ಅವನು ಮುಖ ಆಚೆ ತಿರುಗಿಸಿಕೊಂಡು, ಹೊದಿಸಿದ ಸೀರೆಯ ಅಡಿಯಿಂದಲೇ ಮೈ ಒರೆಸಿದ. ತಲೆ ತೊಳೆದು ಬಾಚಿದ. ಆದರೆ ಜಡೆಯ ತುದಿಗೆ ನೈಲಾನ್ ದಾರ ಸುತ್ತಿ, ಕೈಗೆ ಬರುತ್ತಿದ್ದ ಒಂದೇ ಗಂಟನ್ನು ಹಾಕಿಬಿಟ್ಟ: ಬಲೆಯ ಗಂಟು. ಎಳೆದಷ್ಟೂ ಬಿಗಿಯುವಂಥದು.

ಸಂಜೆ ಎಣ್ಣೆ ಹಚ್ಚಲು ಬಂದ ಅತ್ತೆ ಬಿಚ್ಚಲಾರದೆ ಕೂಗಿದಳು: “ಇದು ಜಡೆಯೋ ಬಲೆಯೋ? ಮುದುಕಿ ತಪ್ಪಿಸ್ಕಂಡು ಓಡ್ತದೆ ಅಂದ್ಕಂಡ್ಯನೋ?”

“ಕತ್ತರಿ ತಾ ಮಾರಾಯ್ತಿ” ಎಂದಳು ಅಮ್ಮ. “ಇವ ಹಿಡ್ದ ಮೀನು ಬಿಡೂನಲ್ಲ.” ಬಿದ್ದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮರುದಿನ ನಾನು ಅವನಿಗೆ ರಿಬ್ಬನ್ ಕಟ್ಟಲು ಕಲಿಸಿದೆ. ಹಗ್ಗ ಎಳೆದು ಒರಟಾದ ಆ ಬೆರಳುಗಳು ನರೆತ ಕೂದಲನ್ನು ಒಂದೆಳೆಯೂ ಎಳೆಯದಂತೆ ಬಿಡಿಸುವುದನ್ನು ನೋಡುತ್ತ ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ. ನಾನು ಓದಿದ ಯಾವುದೂ ನನ್ನನ್ನು ಹಾಗೆ ನಿಲ್ಲಿಸಿಬಿಟ್ಟಿದ್ದಿಲ್ಲ.

ದಡದಲ್ಲಿ ದೋಣಿಯ ಜೊತೆಗಾರರು ಅಣ್ಣನನ್ನು ಕೆಣಕುತ್ತಿದ್ದರು: “ಎಂತದಾ, ಸೀರೆ ಒಗ್ದು ಆತಾ?”

“ಆತು. ನಿಮ್ದು ಇದ್ರೆ ತನ್ನಿ.”

ಕೊನೆಗೆ ಪದವಿ ಪ್ರಮಾಣಪತ್ರ ಕೈಗೆ ಬಂತು. ಮನೆಗೆ ತಂದು ಅಮ್ಮನ ಮಡಿಲಲ್ಲಿಟ್ಟೆ. ಅಣ್ಣ ಬಾಗಿಲಲ್ಲಿ ಅವಳ ಸೀರೆ ಹಿಂಡುತ್ತಿದ್ದ. ಓದು ಬಾರದ ಅಮ್ಮ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿ ಕೇಳಿದಳು:

“ಇದ್ರಲ್ಲಿ ಇವನ ಹೆಸ್ರು ಎಲ್ಲಿ ಬರ್ದಾರೆ?”