ಚರ್ಚಿನಲ್ಲಿ ದೇವರ ಪಿಕ್ಚರ್

ಅಮೆರಿಕದ ವೆಸ್ಟ್‌ಮಂಟಿನಲ್ಲಿರುವ ಅಕ್ಕನ ಮನೆಗೆ ಬಂದ ಮೂರನೇ ದಿನ, ಪಕ್ಕದ ಮನೆಯ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಅಜ್ಜಿ ತಮ್ಮ ಚರ್ಚಿನಲ್ಲಿ ತೋರಿಸುವ ಸಿನಿಮಾಕ್ಕೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಅವರ ಪಂಥ ಶುರುವಾದ ಕಾಲದಲ್ಲಿ ಬದುಕಿದ್ದ ಒಬ್ಬ ಹೆಂಗಸಿನ ಕಥೆ. ಹೊರಗೆ ಇಲ್ಲಿಯವರ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹತ್ತು ಡಿಗ್ರಿ, ಅಂದರೆ ಮೂಗು ಉದುರುವ ಚಳಿ. ಹಾಲ್ ಬಾಗಿಲಲ್ಲಿ ಅಕ್ಕ ಬಗ್ಗಿ ಬೂಟು ಬಿಚ್ಚತೊಡಗಿದಳು.

“ಇಲ್ಲಿ ಯಾರೂ ಬಿಚ್ಚಲ್ಲ ಕಣಕ್ಕ, ನಗ್ತಾರೆ,” ಅಂದೆ.

“ದೇವರ ಪಿಕ್ಚರ್ ಅಲ್ವೇನೋ? ಅಮ್ಮ ಟೆಂಟಿನ ಹೊರಗೇ ಚಪ್ಪಲಿ ಬಿಡಿಸ್ತಿರಲಿಲ್ವಾ?”

ಬಿಡಿಸುತ್ತಿದ್ದಳು. ಮರಳಿನ ಮೇಲೆ ಕೂತು, ಪರದೆಯಲ್ಲಿ ದೇವರು ಬಂದಾಗಲೆಲ್ಲ ಕೈಮುಗಿಯುತ್ತಿದ್ದಳು. ಊರಲ್ಲೇ ಉಳಿದ ನಾನು ಅದನ್ನು ಮರೆತಿದ್ದೆ. ಸುಮ್ಮನೆ ನಾನೂ ಬೂಟು ಬಿಚ್ಚಿದೆ. ಅಜ್ಜಿ ಯಾಕೆಂದು ಕೇಳಿದರು, ಅಕ್ಕ ಇಂಗ್ಲಿಷಿನಲ್ಲಿ ಅಮ್ಮನ ವಿಷಯ ಹೇಳಿದಳು. ಅವರು ಬೂಟಿನಲ್ಲೇ ಒಳಗೆ ನಡೆದರು.

ಪರದೆಯ ಮೇಲೆ ಆ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಹೆಪ್ಪುಗಟ್ಟಿದ ನದಿ ದಾಟುತ್ತಿದ್ದಳು. ಅಕ್ಕ ತನಗರಿವಿಲ್ಲದೆ ಕೈಮುಗಿದಳು. ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮುಜುಗರದಿಂದ ತಲೆ ತಗ್ಗಿಸಿದೆ. ಅಜ್ಜಿ ಬಿಚ್ಚಿಟ್ಟ ಬೂಟುಗಳು ಕುರ್ಚಿಯ ಕೆಳಗೆ ಜೋಡಿಯಾಗಿ ಕೂತಿದ್ದವು.