ಗದ್ದೆ ರೇಸಿನಲ್ಲಿ ಚಿಕ್ಕಮ್ಮನ ಶಿಳ್ಳೆ

ನಮ್ಮ ಚಿಕ್ಕಮ್ಮ ಬಾಯಿಗೆ ಎರಡು ಬೆರಳಿಟ್ಟು ಶಿಳ್ಳೆ ಹೊಡೆದರೆ ಹಾನುಬಾಳಿನ ಗದ್ದೆಬಯಲಿನ ಆ ತುದಿಯಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ಸೊಸೆಗೆ ಇದೆಂಥ ಬುದ್ಧಿ ಎಂದು ಅಜ್ಜಿ ಕೊನೆಯವರೆಗೂ ಗೊಣಗಿದರು. ಚಿಕ್ಕಮ್ಮ ಕೇಳಬೇಕಲ್ಲ!

ಆಗೆಲ್ಲ ಕೊಯ್ಲು ಮುಗಿದ ಗದ್ದೆಗೆ ನೀರು ಬಿಟ್ಟು, ಕೆಸರು ಮಾಡಿ ಜೀಪ್ ರೇಸ್ ಇಡುತ್ತಿದ್ದರು. ಓಡುತ್ತಿದ್ದುದು ನಮ್ಮವೇ ಜೀಪುಗಳು. ವಾರವಿಡೀ ಎಸ್ಟೇಟಿಗೆ ಆಳು ಹೊತ್ತ ಜೀಪು ಭಾನುವಾರ ಕೆಸರಿಗಿಳಿಯುತ್ತಿತ್ತು. ನಾನು ಹುಟ್ಟುವಾಗ ಅಮ್ಮನನ್ನು ಸಕಲೇಶಪುರದ ಆಸ್ಪತ್ರೆಗೆ ಮುಟ್ಟಿಸಿದ್ದು ಚಿಕ್ಕಪ್ಪನ ಜೀಪು. ಅದಕ್ಕೆ ಕೂಗದೆ ಇನ್ಯಾವುದಕ್ಕೆ ಕೂಗಲಿ?

ಕೊನೆಯ ತಿರುವಿಗೆ ಬರುವಷ್ಟರಲ್ಲಿ ಗಾಜಿಗೆಲ್ಲ ಕೆಸರು ಮೆತ್ತಿ ಚಿಕ್ಕಪ್ಪನಿಗೆ ದಾರಿಯೇ ಕಾಣುತ್ತಿರಲಿಲ್ಲ. ಬದುವಿನ ಮೇಲೆ ನಿಂತ ಚಿಕ್ಕಮ್ಮ ಶಿಳ್ಳೆ ಹೊಡೆದಾಗ ಸ್ಟೇರಿಂಗ್ ತಿರುಗಿಸಬೇಕು. ಅದು ಗಂಡ ಹೆಂಡಿರ ಒಪ್ಪಂದ.

ಈಗ ಬರುವ ಜೀಪುಗಳು ಲಾರಿ ಮೇಲೆ ಕೂತು ಬರುತ್ತವೆ. ಕಬ್ಬಿಣದ ಪಂಜರ, ಎದೆಮಟ್ಟದ ಚಕ್ರ. ಮೈಕಿನವನು ಕಿರುಚಿದ್ದೇ ಕಿರುಚಿದ್ದು. ಹಳಬರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಚಿಕ್ಕಮ್ಮನೂ ಬಿಟ್ಟರು. "ಗುರುತಿಲ್ದ ಗಾಡಿಗೆ ಏನಂತ ಶಿಳ್ಳೆ ಹೊಡೀಲಿ ಮಾರಾಯ?" ಎನ್ನುತ್ತಿದ್ದರು. ನನಗೂ ಅದೇ ಸಿಟ್ಟು.

ಹೋದ ವರ್ಷ ಹಳೇ ಜೀಪುಗಳಿಗೆಂದೇ ಒಂದು ಓಟ ಇಟ್ಟರು. ಚಿಕ್ಕಪ್ಪ ಕುಣಿಯುತ್ತಾ ಹೆಸರು ಕೊಟ್ಟು ಬಂದರು. ಚಿಕ್ಕಮ್ಮ ಮಾತ್ರ ಬರುವುದಿಲ್ಲವೆಂದು ಹಟ ಹಿಡಿದರು.

"ನೀನು ಬರ್ದಿದ್ರೆ ನಾನು ಗದ್ದೆಗಿಳಿಯಲ್ಲ ಕಣೇ. ಈ ಜೀಪ್ ಮಾರ್ಬುಡ್ತೀನಿ," ಎಂದು ಚಿಕ್ಕಪ್ಪ ಮುಖ ಊದಿಸಿಕೊಂಡರು.

ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬಾಯಿಗೆ ಸೆರಗು ಅಡ್ಡ ಹಿಡಿದರು. "ಈ ಹಲ್ಲಿನ ಸೆಟ್ ಐತಲ್ಲ, ಇದು ಹಾಕಿಸ್ಕೊಂಡ್ಮೇಲೆ ಶಿಳ್ಳೆ ಬರಲ್ಲ ಕಣೋ. ಸೆಟ್ ತೆಗೆದ ಬಾಯಿ ನಿಮ್ಮ ಚಿಕ್ಕಪ್ಪಂಗೂ ತೋರ್ಸಿಲ್ಲ ನಾನು."

ನಗು ಬಂತು. ಅವರ ಕಣ್ಣು ನೋಡಿ ನುಂಗಿಕೊಂಡೆ. "ಸುಮ್ನೆ ಬಂದು ನಿಂತ್ಕಳಿ ಚಿಕ್ಕಮ್ಮ, ಸಾಕು," ಎಂದೆ.

ಬಂದರು. ಬದುವಿನ ಮೇಲೆ ಮೊದಲಿನ ಕಾಲುಭಾಗದಷ್ಟೂ ಜನ ಇರಲಿಲ್ಲ. ಚಿಕ್ಕಪ್ಪ ಎಲ್ಲರಿಗಿಂತ ಮುಂದಿದ್ದರು. ಕೊನೆಯ ತಿರುವಿಗೆ ಬಂದವರು ಬ್ರೇಕ್ ಹಾಕಿ ನಿಂತೇಬಿಟ್ಟರು! ಶಿಳ್ಳೆಗೆ ಕಾಯುತ್ತಿದ್ದಾರೆಂದು ನನಗೂ ಚಿಕ್ಕಮ್ಮನಿಗೂ ಮಾತ್ರ ಗೊತ್ತು.

ಚಿಕ್ಕಮ್ಮ ಬೆರಳಿಟ್ಟು ಊದಿದರು. ಬರೀ ಗಾಳಿ. ಮತ್ತೆ ಊದಿದರು. ಮತ್ತೂ ಗಾಳಿಯೇ. ಹಿಂದಿದ್ದ ಜೀಪು ನಮಗೆಲ್ಲ ಕೆಸರು ಎರಚಿ ದಾಟಿ ಹೋಯಿತು.

"ಥತ್, ಇದರ ಮನೆ ಹಾಳಾಗ!" ಎಂದವರೇ ಚಿಕ್ಕಮ್ಮ ಅಷ್ಟೂ ಜನರ ಎದುರಿಗೆ ಹಲ್ಲಿನ ಸೆಟ್ಟನ್ನು ಕಿತ್ತು ನನ್ನ ಅಂಗೈಗಿಟ್ಟರು. ಬೋಳು ಬಾಯಿಗೆ ಬೆರಳಿಟ್ಟು ಹೊಡೆದರು ನೋಡಿ, ಅಬ್ಬಾ! ಚಿಕ್ಕಪ್ಪ ಸ್ಟೇರಿಂಗ್ ತಿರುಗಿಸಿದರು.

ಓಟ ಸೋತಾಗಿತ್ತು. ಚಿಕ್ಕಪ್ಪ ಇಳಿದು ನೇರ ಬದುವಿಗೆ ಬಂದರು. "ಬರೋ ವರ್ಷನೂ ಬರ್ತೀಯ ತಾನೇ?" ಎಂದರು.

ಚಿಕ್ಕಮ್ಮ ಸೆರಗು ಅಡ್ಡ ಹಿಡಿಯದೆ ಬಾಯ್ತುಂಬ ನಕ್ಕರು. ಹಲ್ಲು ಇನ್ನೂ ನನ್ನ ಕೈಯಲ್ಲೇ ಇತ್ತು.